ಅಜ್ಜಿಯ ಹಲಸು ಹೊಸ ಮನೆಗೆ ಬಂದದ್ದು

2023ರ ಫೆಬ್ರವರಿಯಲ್ಲಿ ನಮ್ಮ ಹಳೆ ಮನೆ ಮುಂದಿನ ಹಲಸಿನ ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋದರು. ರಸ್ತೆ ಅಗಲ ಮಾಡುವವರು. ನಾನು ತುಮಕೂರಿನಲ್ಲಿ ಕೆಲಸದಲ್ಲಿದ್ದೆ. ಅವ್ವ ಫೋನ್ ಮಾಡಿ, "ಮರಕ್ಕೆ ನಂಬರ್ ಹಾಕವ್ರೆ ಕಣೆ" ಅಂದಳು, ಅಷ್ಟೇ. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಂಬರ್ ಬಿದ್ದರೆ ಏನರ್ಥ ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಮರ ನಮ್ಮ ಅಜ್ಜಿ ನೆಟ್ಟಿದ್ದು. ಅಜ್ಜಿ ಮದುವೆಯಾಗಿ ಬಂದ ಮೇಲೆ ತವರಿನಿಂದ ತಂದ ಹಣ್ಣಿನ ಬೀಜ ಹಾಕಿದ್ದಳಂತೆ. ತೊಳೆ ಚಿಕ್ಕದು, ಹಳದಿಗಿಂತ ಸ್ವಲ್ಪ ಕೆಂಪು, ಗಟ್ಟಿ. ನಾವು ಜೇನುಹಲಸು ಅಂತಲೇ ಕರೆಯುತ್ತಿದ್ದೆವು. ಅಪ್ಪ ಹೋದ ವರ್ಷ ಮಳೆ ಕೈಕೊಟ್ಟು ರಾಗಿ ಬರಲಿಲ್ಲ. ಆಗ ಅವ್ವ ಈ ಮರದ ಹಣ್ಣು ಕೊಯ್ದು ಬಸ್ ಸ್ಟ್ಯಾಂಡಿನಲ್ಲಿ ತೊಳೆ ಮಾರಿ ನನ್ನ ಕಾಲೇಜಿನ ಫೀಸು ಕಟ್ಟಿದ್ದಳು. ಪತ್ರಿಕೋದ್ಯಮ ಓದಿದ್ದು ಹಲಸಿನ ಹಣ್ಣಿನಿಂದ ಅಂತ ನಾನು ಗೆಳೆಯರ ಹತ್ತಿರ ತಮಾಷೆ ಮಾಡುತ್ತಿದ್ದೆ. ಅದು ತಮಾಷೆಯೇನೂ ಅಲ್ಲ.

ಅಣ್ಣ ಅಷ್ಟರಲ್ಲಿ ಹೊಲದ ಪಕ್ಕದ ಸೈಟಿನಲ್ಲಿ ಹೊಸ ಮನೆ ಕಟ್ಟಿಸಿದ್ದ. ಅವ್ವ ಹೊಸ ಮನೆಗೆ ಬರಲು ಒಪ್ಪುತ್ತಿರಲಿಲ್ಲ. ಮರಕ್ಕೆ ನಂಬರ್ ಬಿದ್ದ ಮೇಲೆ ಒಂದು ಮಾತು ಹೇಳಿದಳು: "ಮರ ಬಂದ್ರೆ ನಾನೂ ಬತ್ತೀನಿ."

ಮರ ಹೇಗೆ ಬರುತ್ತೆ? ಆದರೆ ಮರದ ಕೆಳಗೆ ಬಿದ್ದ ಬೀಜ ಮೊಳೆತು ಮೂರು ಸಸಿ ಎದ್ದಿದ್ದವು. ಎರಡು ವರ್ಷದವು ಇರಬೇಕು, ಸೊಂಟದೆತ್ತರ, ಹೆಬ್ಬೆರಳಿನ ದಪ್ಪ. ಅವುಗಳನ್ನು ಕಿತ್ತು ಹೊಸ ಮನೆ ಅಂಗಳಕ್ಕೆ ಹಾಕೋಣ ಅಂತ ನಾನೇ ಹೇಳಿದೆ. ಬಹಳ ಬುದ್ಧಿವಂತೆಯ ಹಾಗೆ.

ಮೊದಲನೆಯದನ್ನು ಕೊಂದದ್ದೂ ನಾನೇ. ಯುಗಾದಿ ಕಳೆದು ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಒಂದು ಭಾನುವಾರ ಮಧ್ಯಾಹ್ನ ಗುದ್ದಲಿ ತಗೊಂಡು ಸುತ್ತ ಒಂದಿಷ್ಟು ಅಗೆದು, ಕಾಂಡ ಹಿಡಿದು ಎಳೆದೆ. ಮೊದಲು ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಒಳಗೆ 'ಟಪ್' ಅಂತ ಸದ್ದಾಗಿ ಸಸಿ ಕೈಗೆ ಬಂತು. ಒಂದು ಗೇಣು ಬೇರು, ತುದಿ ಮುರಿದಿತ್ತು, ಮಣ್ಣೆಲ್ಲ ಉದುರಿಹೋಗಿತ್ತು. ಅದನ್ನೇ ಹೊಸ ಮನೆ ಮುಂದೆ ಗುಂಡಿ ತೋಡಿ, ಕೊಟ್ಟಿಗೆಯಿಂದ ಆವತ್ತಿನ ಸಗಣಿಯನ್ನೇ ತಂದು ಹಾಕಿ, ನೆಟ್ಟು, ಎರಡು ಕೊಡ ನೀರು ಸುರಿದೆ. ಸಂಜೆಗೆ ಎಲೆ ಜೋತುಬಿತ್ತು. ಒಂಬತ್ತನೇ ದಿನಕ್ಕೆ ಕಡ್ಡಿ.

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮೂರಲ್ಲಿ ಒಬ್ಬರು ತಾತ ಇದ್ದಾರೆ. ವಯಸ್ಸಿದ್ದಾಗ ನರ್ಸರಿಗಳಲ್ಲಿ ಮಾಲಿ ಕೆಲಸ ಮಾಡಿದವರು. ಈಗಲೂ ಮನೆ ಹಿಂದೆ ನೂರಿನ್ನೂರು ಪಾಕೀಟು ಇಟ್ಟುಕೊಂಡು ಏನಾದರೂ ಕಸಿ ಕಟ್ಟುತ್ತಾ ಕೂರುತ್ತಾರೆ. ಅವ್ವನೇ ಅವರನ್ನು ಕರೆದುಕೊಂಡು ಬಂದಳು. ತಾತ ನಾನು ನೆಟ್ಟ ಕಡ್ಡಿಯನ್ನು ಎಳೆದು ನೋಡಿ, "ಮಗಾ, ನೀನು ಗಿಡ ನೆಟ್ಟಿಲ್ಲ, ಹೂತಿದ್ದೀಯ" ಅಂದರು. ಮೂರು ತಪ್ಪು ತೋರಿಸಿದರು. ಹಲಸು, ಮಾವಿನಂಥವಕ್ಕೆ ತಾಯಿಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತೆ, ಅದನ್ನು ಒಂದೇ ಸಲಕ್ಕೆ ಮುರಿದರೆ ಮೇಲಿನ ಎಲೆಗಳಿಗೆ ನೀರು ಕೊಡುವವರು ಯಾರೂ ಇರಲ್ಲ. ಹಸಿ ಸಗಣಿ ಒಳಗೆ ಕೊಳೆಯುವಾಗ ಬಿಸಿಯಾಗುತ್ತೆ, ಎಳೆ ಬೇರು ಸುಡುತ್ತೆ. ಇನ್ನು ಮೂರನೆಯದು ಏಪ್ರಿಲ್ ಬಿಸಿಲು. ಅದನ್ನು ಬಿಡಿಸಿ ಹೇಳಲೂ ಇಲ್ಲ, ಆಕಾಶದ ಕಡೆ ಕೈ ತೋರಿಸಿದರು.

ಉಳಿದ ಎರಡು ಸಸಿಗಳನ್ನು ಆ ದಿನ ಮುಟ್ಟಲೇ ಬಿಡಲಿಲ್ಲ. ಮೊದಲು ಗುಂಡಿ ಅಂದರು.

ಗುಂಡಿಯ ಜಾಗಕ್ಕೇ ಅರ್ಧ ದಿನ ಜಗಳವಾಯಿತು. ಅವ್ವನಿಗೆ ಬಾಗಿಲ ಎದುರಿಗೇ ಬೇಕು. ತಾತ, "ಕೆಳಗೆ ನೋಡೋಕೆ ಮುಂಚೆ ಮೇಲೆ ನೋಡಮ್ಮ" ಅಂದರು. ಮೇಲೆ ಕರೆಂಟ್ ತಂತಿ ಹೋಗಿತ್ತು. ಪಕ್ಕದಲ್ಲಿ ಸಂಪು. ಈಗ ಹೆಬ್ಬೆರಳಷ್ಟು ಇರೋದು ನಾಳೆ ತಬ್ಬಿದರೂ ಕೈಗೆ ಸಿಗದಷ್ಟು ಆಗುತ್ತೆ, ಗೋಡೆಯಿಂದ 20 ಅಡಿಯಾದರೂ ದೂರ ಇರಲಿ ಅಂತ ಹೆಜ್ಜೆ ಹಾಕಿ ಅಳೆದರು. ಕೊನೆಗೆ ಅಡುಗೆಮನೆ ಕಿಟಕಿಯಿಂದ ಕಾಣುವ ಮೂಲೆಯಲ್ಲಿ ಒಂದು, ಹೊಲದ ಬದುವಿನ ಕಡೆ ಇನ್ನೊಂದು ಅಂತ ಆಯಿತು.

ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಹೊಸ ಮನೆ ಅಂಗಳದಲ್ಲಿ ಗುಂಡಿ ತೆಗೆದವರಿಗೇ ಗೊತ್ತು ಅದರ ಕಷ್ಟ. ಮೇಲೆ ಒಂದಡಿ ಮಣ್ಣೇ ಅಲ್ಲ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಜಲ್ಲಿ. ನನ್ನ ಮೊದಲ ಸಸಿ ಇದರೊಳಗೇ ನಿಂತಿತ್ತು ಪಾಪ. ಅದನ್ನೆಲ್ಲ ಮಂಕರಿಯಲ್ಲಿ ಹೊತ್ತು ಹೊರಗೆ ಹಾಕಿದೆವು. ಗುಂಡಿಯನ್ನು ಮೇ ತನಕ ಬಿಸಿಲಿಗೆ ಬಿಟ್ಟೆವು. ಆಮೇಲೆ ಹೊಲದ ಮೇಲ್ಮಣ್ಣು, ಪೂರ್ತಿ ಕೊಳೆತು ಪುಡಿಯಾದ ಕೊಟ್ಟಿಗೆ ಗೊಬ್ಬರ ಎರಡು ಮಂಕರಿ, ಗೆದ್ದಲಿಗೆ ಅಂತ ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ತುಂಬಿದೆವು.

ತುಂಬಿ ಹಾಗೇ ಬಿಟ್ಟೆವು. ಇದು ನನಗೆ ಹೊಸದು. ಹೊಸ ಮಣ್ಣು ಕುಸಿಯುತ್ತೆ, ಗಿಡ ಇಟ್ಟ ಮೇಲೆ ಕುಸಿದರೆ ಗಿಡವೂ ಜೊತೆಗೆ ಇಳಿಯುತ್ತೆ, ಬುಡ ಮಣ್ಣಲ್ಲಿ ಮುಚ್ಚಿಹೋಗುತ್ತೆ. ಅದಕ್ಕೇ ಮುಂಗಾರಿಗೆ ಮೊದಲಿನ ಮಳೆ ಒಂದೆರಡು ಬಿದ್ದು ಮಣ್ಣು ಕೂರಲಿ, ಆಮೇಲೆ ಎಷ್ಟು ಬೇಕೋ ಅಷ್ಟೇ ತೋಡಿ ಸಸಿ ಇಟ್ಟರಾಯಿತು ಅಂದರು.

ಆ ಮಳೆ ಬಿದ್ದ ಮಾರನೇ ದಿನವೇ ತಾತ ಹಾರೆ ಹಿಡಿದು ಹಳೆ ಮನೆ ಹತ್ತಿರ ಬಂದರು. ಸಸಿಯಿಂದ ಅರ್ಧ ಅಡಿ ಬಿಟ್ಟು ಸುತ್ತ ಅರ್ಧ ವೃತ್ತದಷ್ಟು ಮಾತ್ರ ಆಳಕ್ಕೆ ಕಾಲುವೆ ತೆಗೆದು, ಸಿಕ್ಕ ಬೇರನ್ನು ಹರಿತವಾದ ಕುಡುಗೋಲಿನಲ್ಲಿ ನೀಟಾಗಿ ಕತ್ತರಿಸಿದರು. ಕಾಲುವೆಗೆ ಸಡಿಲ ಮಣ್ಣು, ತರಗು ತುಂಬಿ ನೀರು ಹಾಕಿದರು. ಎರಡು ವಾರ ಬಿಟ್ಟು ಉಳಿದ ಅರ್ಧ. ಆಗ ಒಂದೂವರೆ ಅಡಿ ಆಳದಲ್ಲಿ ಓರೆಯಾಗಿ ಹಾರೆ ನುಗ್ಗಿಸಿ ತಾಯಿಬೇರನ್ನೂ ಕಡಿದರು. ನನಗೆ ಎದೆ ಧಸಕ್ಕೆಂದಿತು. ನಾನು ಕಡಿದಾಗ ಸತ್ತಿತ್ತಲ್ಲ?

ವ್ಯತ್ಯಾಸ ಇಷ್ಟೇ: ಕಡಿದ ಮೇಲೂ ಸಸಿ ತನ್ನ ಜಾಗದಲ್ಲೇ, ತನ್ನ ಮಣ್ಣಲ್ಲೇ ನಿಂತಿತ್ತು. ಕಡಿದ ಕಡೆ ಸಣ್ಣ ಸಣ್ಣ ಹೊಸ ಬೇರು ಒಡೆಯಲು ಅದಕ್ಕೆ ಟೈಮ್ ಸಿಕ್ಕಿತು. ನೀರು ಹೀರುವುದು ಆ ಸಣ್ಣ ಬೇರುಗಳೇ. ಎತ್ತುವ ಹೊತ್ತಿಗೆ ಅವು ಉಂಡೆಯೊಳಗೇ ಇರಬೇಕು.

ಎತ್ತಿದ್ದು ಆರಿದ್ರಾ ಮಳೆಯಲ್ಲಿ, ಜೂನ್ ಕೊನೆ ವಾರ. ನಮ್ಮ ತುಮಕೂರು ಕಡೆ ಆಗ ಮಲೆನಾಡಿನ ಹಾಗೆ ಸುರಿಯಲ್ಲ, ನಮ್ಮ ದೊಡ್ಡ ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದರೆ ಆರಿದ್ರಾದಲ್ಲಿ ಮೋಡ ಮುಚ್ಚಿಕೊಂಡಿರುತ್ತೆ, ಬಿಸಿಲ ಕಾವು ಇರಲ್ಲ, ಎಲೆಯಿಂದ ನೀರು ಹಾರೋದು ಕಡಿಮೆ. ಸಸಿ ಬೇರೂರುವ ಹೊತ್ತಿಗೆ ದೊಡ್ಡ ಮಳೆ ಬಂದು ಸೇರಿಕೊಳ್ಳುತ್ತೆ. ನಿಮ್ಮೂರಿನ ಲೆಕ್ಕ ಬೇರೆ ಇರಬಹುದು, ನಿಮ್ಮ ಹಿರಿಯರನ್ನು ಕೇಳಿ.

ಕಾಂಡ ಒಂದು ಇಂಚು ದಪ್ಪ ಇದ್ದರೆ ಬೇರಿನ ಉಂಡೆ 10ರಿಂದ 12 ಇಂಚು ಅಗಲ ಬೇಕು. ನಾವು 12 ಇಂಚೇ ಹಿಡಿದೆವು. ಹಿಂದಿನ ಸಂಜೆ ಚೆನ್ನಾಗಿ ನೀರುಣಿಸಿದ್ದೆವು, ಒಣಮಣ್ಣಾದರೆ ಉಂಡೆ ಒಡೆಯುತ್ತೆ. ಸುತ್ತ ಬಿಡಿಸಿ, ಕೆಳಗೆ ಗೋಣಿಚೀಲ ತೂರಿಸಿ, ಹಸುಗೂಸನ್ನು ಬಟ್ಟೆಯಲ್ಲಿ ಸುತ್ತಿದ ಹಾಗೆ ಸುತ್ತಿ ಹುರಿಯಲ್ಲಿ ಕಟ್ಟಿದರು. "ಕಾಂಡ ಹಿಡಿದು ಎತ್ತಿದವರ ಕೈ ಮುರೀತೀನಿ" ಅಂತ ಮೊದಲೇ ಹೇಳಿದ್ದರು. ಉಂಡೆಯ ತಳಕ್ಕೆ ಕೈ ಕೊಟ್ಟು ನಾನೂ ಅಣ್ಣನೂ ಎತ್ತಿದೆವು. ಒಳ್ಳೆ ಭಾರ.

ಎರಡನೆಯದನ್ನು ಟ್ರಾಕ್ಟರಿನಿಂದ ಇಳಿಸುವಾಗ ಅಣ್ಣನ ಕಾಲು ಜಾರಿ ಉಂಡೆ ನೆಲಕ್ಕೆ ಬಿದ್ದು ಒಡೆಯಿತು. ಅದನ್ನೂ ಬದುವಿನ ಕಡೆ ನೆಟ್ಟೆವು. ಆಷಾಢ ಮುಗಿಯುವಷ್ಟರಲ್ಲಿ ಒಣಗಿತು. ಹಾಗಾಗಿ ಈ ಕತೆಯೆಲ್ಲ ಉಳಿದ ಒಂದರದ್ದು.

ನೆಡುವಾಗ ತಾತ ಎರಡು ವಿಷಯಕ್ಕೆ ಹಟ ಹಿಡಿದರು. ಒಂದು, ಬುಡ. ಹಳೆ ಜಾಗದಲ್ಲಿ ಮಣ್ಣು ಕಾಂಡಕ್ಕೆ ಎಲ್ಲಿಯವರೆಗೆ ಇತ್ತೋ ಇಲ್ಲೂ ಅಲ್ಲಿಯವರೆಗೇ. ಗುಂಡಿಗೆ ಅಡ್ಡಲಾಗಿ ಒಂದು ಕೋಲಿಟ್ಟು ನೋಡಿದರು. ಎರಡು ಬೆರಳು ಕೆಳಗಿದೆ ಅಂತ ಮತ್ತೆ ಎತ್ತಿಸಿ ಮಣ್ಣು ಹಾಕಿಸಿದರು. ಆಳಕ್ಕೆ ಹೂತರೆ ಗಿಡ ಭದ್ರ ಅಂತ ನಾವಂದುಕೊಳ್ಳುತ್ತೇವೆ, ಆದರೆ ಮಣ್ಣೊಳಗೆ ಹೋದ ತೊಗಟೆ ಕೊಳೆಯುತ್ತೆ. ಇನ್ನೊಂದು ದಿಕ್ಕು. ಕೀಳುವ ಮೊದಲೇ ಪೂರ್ವದ ಕಡೆ ಒಂದು ಕೊಂಬೆಗೆ ದಾರ ಕಟ್ಟಿದ್ದರು, ಇಲ್ಲೂ ಆ ದಾರ ಪೂರ್ವಕ್ಕೇ ಬರುವಂತೆ ತಿರುಗಿಸಿದರು. ಇಷ್ಟು ದಿನ ನೆರಳಲ್ಲಿದ್ದ ತೊಗಟೆಗೆ ಒಮ್ಮೆಗೇ ಪಡುವಣ ಬಿಸಿಲು ಬೀಳಬಾರದು ಅಂತೆ. ನಂಬಿಕೆಯೋ ಲೆಕ್ಕವೋ, ದಾರ ಕಟ್ಟಲು ಖರ್ಚೇನೂ ಇಲ್ಲವಲ್ಲ.

ಗೋಣಿ ಬಿಚ್ಚಿ ತೆಗೆದು, ಸುತ್ತ ಮಣ್ಣು ತುಂಬಿ, ಕಾಲಲ್ಲಿ ತುಳಿಯದೆ ನೀರು ಹಾಕಿ ಹಾಕಿ ಕೂರಿಸಿದೆವು. ಎಲೆಯಲ್ಲಿ ಅರ್ಧದಷ್ಟು ಕತ್ತರಿಸಿ ತೆಗೆದರು. ಸುಳಿ ಮುಟ್ಟಲಿಲ್ಲ. ಪಡುವಣಕ್ಕೆ ತೆಂಗಿನ ಗರಿ ನೆಟ್ಟು ನೆರಳು ಮಾಡಿದೆವು. ಬುಡದಲ್ಲಿ ತರಗು ಹಾಸಿದೆವು, ಕಾಂಡಕ್ಕೆ ತಗಲದ ಹಾಗೆ ನಾಲ್ಕು ಬೆರಳು ಬಿಟ್ಟು. ಆಷಾಢದ ಗಾಳಿ ನಮ್ಮ ಕಡೆ ಹೆಂಚು ಹಾರಿಸುತ್ತೆ. ಅದಕ್ಕೆ ಎರಡು ಕಡೆ ಗೂಟ ಹೊಡೆದು, ಅವ್ವ ಒಳಗಿನಿಂದ ಅಜ್ಜಿಯ ಹಳೇ ಸೀರೆಯ ಅಂಚು ಹರಿದು ತಂದಳು, ಅದರಲ್ಲಿ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿದೆವು. ಸ್ವಲ್ಪ ಅಲ್ಲಾಡಲಿ, ಅಲ್ಲಾಡಿದರೇ ಕಾಂಡ ಗಟ್ಟಿಯಾಗೋದು ಅಂದರು ತಾತ. ಮೇಕೆಗೆ ಜಾಲಿಮುಳ್ಳು.

ಇದನ್ನೆಲ್ಲ ಮಾಡುವಾಗ ನನಗೆ ನಾಚಿಕೆಯಾಗುತ್ತಿತ್ತು. ಪ್ರತಿ ವರ್ಷ ಜೂನ್ 5ಕ್ಕೆ, ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ನಾನು ಸುದ್ದಿ ಬರೆದಿದ್ದೇನೆ. ಅತಿಥಿಗಳು ಸಾಲಾಗಿ ನಿಂತು ಸಸಿಗೆ ಕೈ ತಗಲಿಸುವ ಫೋಟೋ. ಒಂದು ಶಾಲೆಯಲ್ಲಿ ಪ್ಲಾಸ್ಟಿಕ್ ಪಾಕೀಟನ್ನೂ ಬಿಚ್ಚದೆ ಗುಂಡಿಗಿಟ್ಟದ್ದನ್ನು ನೋಡಿಯೂ, 'ಸಸಿ ನೆಟ್ಟು ನೀರೆರೆದರು' ಅಂತ ಬರೆದು ಕಳಿಸಿದ್ದೆ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಮತ್ತೆ ಕಾರ್ಯಕ್ರಮ. ಆಗಲೂ ಬರೆದೆ.

ಸಾಲುಮರದ ತಿಮ್ಮಕ್ಕನವರ ಬಗ್ಗೆಯೂ ನಾವೆಲ್ಲ ಬರೆದಿದ್ದೇವೆ, ಆದರೆ ಅವರು ಗಿಡ ಉಳಿಸಿದ ರೀತಿಯನ್ನು ಬರೆದದ್ದು ಕಡಿಮೆ. ಹುಲಿಕಲ್ಲಿನಿಂದ ಕುದೂರಿನ ದಾರಿಗೆ ಅವರೂ ಗಂಡ ಚಿಕ್ಕಯ್ಯನವರೂ ಆಲದ ಸಸಿ ನೆಟ್ಟದ್ದು ಮಳೆಗಾಲ ನೋಡಿಕೊಂಡು, ಒಂದೊಂದು ವರ್ಷಕ್ಕೆ ಕೈಲಾಗುವಷ್ಟೇ. ಮುಳ್ಳು ಕಟ್ಟಿದರು, ಬಿಂದಿಗೆಯಲ್ಲಿ ನೀರು ಹೊತ್ತರು. 2019ರಲ್ಲಿ ಆ ಮರಗಳ ದಾರಿಗೂ ರಸ್ತೆ ಅಗಲೀಕರಣ ಬಂದಾಗ ಅವರು ಮುಖ್ಯಮಂತ್ರಿಯವರೆಗೂ ಹೋಗಿ ಕೇಳಿಕೊಂಡರು. ನಮ್ಮವ್ವ ಎಲ್ಲಿಗೆ ಹೋಗಬೇಕು? ಒಂದೇ ಮರ. ಊರಿಗೆ ರಸ್ತೆಯೂ ಬೇಕು, ಆಂಬುಲೆನ್ಸ್ ಬರಲಾಗದೆ ಅಪ್ಪ ದಾರಿಯಲ್ಲೇ ಹೋದದ್ದು ನಮಗೆ ಮರೆತಿಲ್ಲ.

ನೆಟ್ಟ ಎರಡನೇ ವಾರ ಎಲೆ ಹಳದಿಯಾಯಿತು. ಮೂರನೇ ವಾರ ಉಳಿದ ಎಲೆಯೂ ಉದುರಿ ಬರೀ ಕೋಲು ನಿಂತಿತು. ಅವ್ವ ಫೋನಿನಲ್ಲಿ ಅತ್ತಳು. ಶನಿವಾರ ಓಡಿಹೋದೆ. ತಾತ ಬಂದು ಮೊದಲು ಪಾತಿಗೆ ಕೈ ಹಾಕಿದರು, ಕೆಸರು. ಅವ್ವ ದಿನಕ್ಕೆ ಎರಡು ಹೊತ್ತೂ ಒಂದೊಂದು ಕೊಡ ಸುರಿಯುತ್ತಿದ್ದಳು, ಪ್ರೀತಿಗೆ. ಹಲಸಿಗೆ ಬೇರಲ್ಲಿ ನೀರು ನಿಲ್ಲಬಾರದು, ಉಸಿರು ಕಟ್ಟುತ್ತೆ. ಆಮೇಲೆ ತಾತ ಕಾಂಡದ ಸಿಪ್ಪೆಯನ್ನು ಉಗುರಿನಿಂದ ಇಷ್ಟೇ ಇಷ್ಟು ಕೆರೆದು ಅವ್ವನನ್ನು ಕರೆದರು. ಒಳಗೆ ಹಸಿರು, ಹಸಿಯಾಗಿತ್ತು.

"ಎಲೆ ಹೋಗದೆ ಅಷ್ಟೆ ಕಣಮ್ಮ, ಗಿಡ ಹೋಗಿಲ್ಲ. ನೀನು ಸುಮ್ಮನೆ ಇರು."

ಸುಮ್ಮನಿರುವುದೇ ಅವ್ವನಿಗೆ ಬಹಳ ಕಷ್ಟದ ಕೆಲಸ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು ಅಂತ ನಿಯಮವಾಯಿತು. ಐದನೇ ವಾರ ಒಂದು ಗಂಟಿನ ಹತ್ತಿರ ಜೋಳದ ಕಾಳಿನಷ್ಟು ಚಿಗುರು ಬಂತು. ಅವ್ವ ನೆರೆಮನೆ ಹುಡುಗನ ಕೈಯಲ್ಲಿ ಫೋಟೋ ತೆಗೆಸಿ ಕಳಿಸಿದಳು. ಫೋಟೋದಲ್ಲಿ ಅವಳ ಬೆರಳೇ ಕಾಣುತ್ತಿತ್ತು.

ನಾನು ಈ ಖುಷಿಯಲ್ಲಿರುವಾಗಲೇ ತಾತ ನನ್ನೊಬ್ಬಳಿಗೇ ಒಂದು ಮಾತು ಹೇಳಿದರು. ಸಸಿ ಬದುಕಿತು, ಆದರೆ ಅದು ನಿಮ್ಮಜ್ಜಿ ಮರ ಅಲ್ಲ. ಹಲಸಿನಲ್ಲಿ ಬೀಜದ ಗಿಡ ತಾಯಿಯ ಹಾಗೇ ಬರುತ್ತೆ ಅಂತ ಹೇಳಲಾಗದು, ಬೇರೆ ಮರದ ಪರಾಗ ಸೇರಿರುತ್ತೆ. ಹಣ್ಣು ಬರಲು ಏಳೆಂಟು ವರ್ಷ ಕಾಯಬೇಕು, ಬಂದಾಗ ಸಪ್ಪೆಯೂ ಇರಬಹುದು. ಅದೇ ಬೇಕಾದರೆ ಕಸಿಯೊಂದೇ ದಾರಿ. ನಮ್ಮದೇ ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ಸಿದ್ದು ಹಲಸು ಗೊತ್ತಲ್ಲ? ಅದೂ ಒಂದೇ ಒಂದು ಮರ, ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು ಗುರುತಿಸಿ ಕಸಿ ಮಾಡಿದ್ದಕ್ಕೇ ಇವತ್ತು ಎಲ್ಲೆಲ್ಲೋ ಬೆಳೆಯುತ್ತಿದೆ.

ಅವ್ವನಿಗೆ ಹೇಗೆ ಹೇಳುವುದು ಅಂತ ಒಂದು ವಾರ ಒದ್ದಾಡಿದೆ. ಹೇಳಿದಾಗ ಅವಳು, "ನೀನು ನಿಮ್ಮಪ್ಪನ ತರಾನೇ ಇದ್ದೀಯಾ? ಅದಕ್ಕೇನು ಬಿಸಾಕಿದ್ದೀನಾ? ಕಸೀನೂ ಕಟ್ಟಿಸು" ಅಂದಳು.

ಮರ ಇನ್ನೂ ನಿಂತಿತ್ತು. ಆಗಸ್ಟಿನಲ್ಲಿ ತಾತ ಏಣಿ ಹಾಕಿಸಿ ಕೆಲವು ಎಳೆಕೊಂಬೆಗಳ ಎಲೆಯನ್ನು ತೊಟ್ಟು ಉಳಿಸಿ ಕತ್ತರಿಸಿದರು. ಹತ್ತು ದಿನ ಬಿಟ್ಟು, ಮೊಗ್ಗು ಉಬ್ಬಿದ ಮೇಲೆ ಆ ಕಡ್ಡಿಗಳನ್ನು ತಂದು ತಮ್ಮ ಪಾಕೀಟಿನ ಹಲಸಿನ ಸಸಿಗಳ ತಲೆ ಸೀಳಿ, ಕಡ್ಡಿಯ ತುದಿಯನ್ನು ಬೆಣೆಯ ಹಾಗೆ ಚೂಪು ಮಾಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರ್ ಟೋಪಿ ಹಾಕಿದರು. ಆರು ಕಟ್ಟಿದ್ದು, ಎರಡು ಹಿಡಿದವು.

2024ರ ಜನವರಿಯಲ್ಲಿ ಮರ ಕಡಿದರು. ಬೆಳಗ್ಗೆ ಹತ್ತಕ್ಕೆ ಶುರು ಮಾಡಿ ಮಧ್ಯಾಹ್ನ ಊಟಕ್ಕೆ ಮುಗಿಸಿದರು. ಅವ್ವ ಅವತ್ತು ಹೊಸ ಮನೆಯಲ್ಲಿದ್ದಳು, ರಾತ್ರಿ ವಾಪಸ್ ಹೋಗಲಿಲ್ಲ. ಇದರ ಬಗ್ಗೆ ಇನ್ನೇನು ಬರೆಯಲಿ.

ಆ ಆರಿದ್ರಾಕ್ಕೆ ಕಸಿ ಗಿಡ ಎರಡನ್ನೂ ನೆಟ್ಟೆವು. ಪಾಕೀಟಿನ ಗಿಡ ಸುಲಭ ಅಂದುಕೊಂಡಿದ್ದೆ. ಪ್ಲಾಸ್ಟಿಕ್ ಸೀಳಿ ನೋಡಿದರೆ ತಳದಲ್ಲಿ ಬೇರು ಸಿಂಬಿ ಸುತ್ತಿಕೊಂಡಿತ್ತು. ಹಾಗೇ ಇಟ್ಟರೆ ಹಾಗೇ ಸುತ್ತುತ್ತಾ ದಪ್ಪವಾಗಿ ತನ್ನ ಕತ್ತನ್ನು ತಾನೇ ಹಿಸುಕಿಕೊಳ್ಳುತ್ತೆ, ಅದಕ್ಕೆ ಬಿಡಿಸಬೇಕು, ಬಿಡಿಸಲಾಗದ್ದನ್ನು ಕತ್ತರಿಸಬೇಕು. ಕಸಿ ಕಟ್ಟಿದ ಗಂಟು ಮಣ್ಣಿಗಿಂತ ಒಂದು ಗೇಣಾದರೂ ಮೇಲಿರಬೇಕು.

ಒಂದನ್ನು ಮೇಕೆ ತಿಂದಿತು. ಮುಳ್ಳು ಕಟ್ಟುವುದನ್ನು ನಾಳೆಗೆ ಇಟ್ಟಿದ್ದು ನಾನೇ. ಅವತ್ತೇ ರಾತ್ರಿ ಆಗಿಹೋಯಿತು.

ಉಳಿದದ್ದು ಚೆನ್ನಾಗಿ ಬರುತ್ತಿದೆ ಅಂತ ಅವ್ವ ಹೇಳುತ್ತಲೇ ಇದ್ದಳು. ಹೋಗಿ ನೋಡಿದರೆ ಗಂಟಿನ ಕೆಳಗಿನಿಂದ ಎದ್ದ ಚಿಗುರು ಮೇಲಿನ ಕಸಿಗಿಂತ ಎತ್ತರಕ್ಕೆ ಹೋಗಿತ್ತು. ಅದು ಕೆಳಗಿನ ಕಾಡುಗಿಡದ್ದು, ಬಿಟ್ಟರೆ ಅಜ್ಜಿ ಮರದ ಕಡ್ಡಿ ಸೊರಗಿ ಸಾಯುತ್ತೆ. ನಾನು ಚಿವುಟಿ ತೆಗೆದಾಗ ಅವ್ವ ಎರಡು ದಿನ ಮಾತು ಬಿಟ್ಟಳು. ತಾತ ಬಂದು ಹೇಳಿದ ಮೇಲೆ ಸರಿಹೋದಳು. ಈಗ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಗಂಟಿನ ಕೆಳಗೆ ಚಿಗುರು ಬಂದಿದೆಯಾ ಅಂತ ಹುಡುಕುವುದು ಅವಳ ಕೆಲಸ.

ಅಡುಗೆಮನೆ ಕಿಟಕಿಯ ಬೀಜದ ಗಿಡ ನನ್ನ ತಲೆ ಮೀರಿ ಬೆಳೆದಿದೆ. ಕಸಿ ಗಿಡ ಇನ್ನೂ ಎದೆ ಮಟ್ಟ. ಹೊಸ ರಸ್ತೆ ಚೆನ್ನಾಗಿದೆ, ಮರ ಇದ್ದ ಜಾಗದ ಮೇಲೆ ಬಿಳಿ ಪಟ್ಟೆ ಹೋಗಿದೆ, ಬಸ್ಸು ಈಗ ಅಲ್ಲೇ ನಿಲ್ಲುತ್ತೆ.

ನಿನ್ನೆ ಅವ್ವ ಫೋನ್ ಮಾಡಿದ್ದಳು. ದೊಡ್ಡ ಗಿಡದ ಕಾಂಡ ದಪ್ಪವಾಗಿ, ಕಟ್ಟಿದ ಸೀರೆ ಅಂಚು ತೊಗಟೆಗೆ ಕಚ್ಚಿಕೊಳ್ಳುತ್ತಿದೆಯಂತೆ. "ಬಿಚ್ಚಿಬಿಡು, ಇನ್ನು ಗೂಟ ಬೇಡ" ಅಂದೆ. ಗಂಟು ಬಿಗಿದಿದೆ, ನನ್ನ ಉಗುರಿಗೆ ಬರಲ್ಲ, ಕುಡುಗೋಲು ಹಾಕೋಕೆ ಮನಸ್ಸಿಲ್ಲ, ನೀನೇ ಬಂದು ಬಿಚ್ಚು ಅಂದಳು. ಶನಿವಾರದ ಬಸ್ಸಿಗೆ ಹೊರಟಿದ್ದೇನೆ.